ಮುದ್ದೆ ಒಂದೇ ಇರಲಿ, ಸಾರು ಅವರವರ ಇಷ್ಟಕ್ಕೆ

ಪ್ರಶ್ನೆ: ನಮ್ಮದು ತುಮಕೂರು. ಮನೆಯಲ್ಲಿ ಆರು ಜನ. ಹೋದ ವರ್ಷ ಓಟಿಜಿ, ಅಂದರೆ ಕರೆಂಟಿನ ಪುಟ್ಟ ಓವನ್, ತಗೊಂಡ ಮೇಲೆ ಪ್ರತಿ ಭಾನುವಾರ ಏನಾದರೊಂದು ಬೇಕ್ ಮಾಡುತ್ತೇನೆ. ಅತ್ತೆ ಮೊಟ್ಟೆ ಮುಟ್ಟಲ್ಲ. ಮಾವನಿಗೆ ಶುಗರ್ ಇದೆ. ನಮ್ಮ ಮನೆಯವರಿಗೆ ಸಿಹಿ ಜಾಸ್ತಿ ಆಗಬಾರದು. ಮಗಳಿಗೆ ಚಾಕಲೇಟ್ ಇಲ್ಲದಿದ್ದರೆ ಅದು ಕೇಕೇ ಅಲ್ಲ. ಮಗನಿಗೆ ಚಾಕಲೇಟ್ ಸೇರಲ್ಲ, ಬೇಕರಿಯ ಕೊಬ್ಬರಿ ಬಿಸ್ಕತ್ತೇ ಬೇಕು. ಎಲ್ಲರಿಗೂ ಆಗಲಿ ಅಂತ ರಾಗಿ, ಬೆಲ್ಲ ಹಾಕಿ ಕೇಕ್ ಮಾಡಿದೆ. ಕತ್ತರಿಸುವಾಗಲೇ ಪುಡಿಪುಡಿ ಆಯ್ತು. ಸೋಮವಾರ ಬಂದರೆ ಅರ್ಧ ಕೇಕ್ ಹಾಗೇ ಉಳಿದಿರುತ್ತೆ. ಎಲ್ಲರಿಗೂ ಇಷ್ಟವಾಗುವ ಒಂದು ಕೇಕ್ ಯಾವುದು ಹೇಳಿ.

ಉತ್ತರ: ಅಂಥ ಕೇಕ್ ಇಲ್ಲ. ಇದ್ದಿದ್ದರೆ ನಾನೂ ಅದನ್ನೇ ಮಾಡಿಕೊಂಡು ಹಾಯಾಗಿರುತ್ತಿದ್ದೆ, ನಮ್ಮನೆಯಲ್ಲೂ ಐದು ನಾಲಿಗೆ ಐದು ದಿಕ್ಕು. ಮೊಟ್ಟೆ ಬಿಟ್ಟು, ಸಕ್ಕರೆ ಬಿಟ್ಟು, ಮೈದಾ ಬಿಟ್ಟು, ಚಾಕಲೇಟ್ ಬಿಟ್ಟು ಎಲ್ಲರಿಗೂ ಆಗಲಿ ಅಂತ ಮಾಡಿದ್ದು ಕೊನೆಗೆ ಯಾರಿಗೂ ಆಗದೆ ಉಳಿಯುತ್ತದೆ.

ನೀವು ಊಟಕ್ಕೆ ಏನು ಮಾಡ್ತೀರ ನೋಡಿ. ಮುದ್ದೆ ಒಂದೇ. ಒಬ್ಬರು ಬಸ್ಸಾರಲ್ಲಿ ಅದ್ದಿಕೊಳ್ಳುತ್ತಾರೆ, ಒಬ್ಬರಿಗೆ ಮೊಸರು ಸಾಕು, ಇನ್ನೊಬ್ಬರು ಮೇಲೆ ತುಪ್ಪ ಬಿಡದೆ ತಟ್ಟೆ ಮುಟ್ಟಲ್ಲ. ಆರು ಜನ ಇದ್ದಾರೆ ಅಂತ ಆರು ಥರದ ಮುದ್ದೆಗೆ ಯಾರೂ ಎಸರಿಡಲ್ಲ, ಅಲ್ವಾ? ಕೇಕಿಗೂ ಇದೇ ಲೆಕ್ಕ. ಹಿಟ್ಟು ಒಂದೇ ಇರಲಿ, ಸ್ವಲ್ಪ ಸಪ್ಪೆ ಅನ್ನಿಸುವಷ್ಟು ಸಾದಾ ಇರಲಿ. ರುಚಿ ಕೊನೆಯ ಐದು ನಿಮಿಷದಲ್ಲಿ ಬೇರೆಯಾಗಲಿ.

ಮೊದಲು ಮೊಟ್ಟೆ ವಿಷಯ. ಎಗ್‌ಲೆಸ್ ಒಂದು, ಮೊಟ್ಟೆಯದು ಒಂದು ಅಂತ ಎರಡು ಮಾಡಿ ನೋಡಿರುತ್ತೀರಿ, ಆದರೂ ಅತ್ತೆಯವರು ಮುಟ್ಟಿರಲ್ಲ. ಅವರಿಗೆ ಆಗದಿರುವುದು ಬರೀ ಮೊಟ್ಟೆ ಅಲ್ಲ, ಮೊಟ್ಟೆ ಕಲಸಿದ ಬಟ್ಟಲು, ಬೀಟರ್, ಟಿನ್ನು ಎಲ್ಲವೂ. ಬಾಯಿಬಿಟ್ಟು ಹೇಳಲ್ಲ, "ಈಗ ಬೇಡಮ್ಮ, ಹೊಟ್ಟೆ ತುಂಬಿದೆ" ಅಂತಾರೆ, ನೀವು ಕೇಕ್ ಚೆನ್ನಾಗಿಲ್ಲವೇನೋ ಅಂದುಕೊಳ್ಳುತ್ತೀರಿ. ಹಾಗಾಗಿ ವಾರದ ಬೇಕಿಂಗಿನಲ್ಲಿ ಮೊಟ್ಟೆ ಪೂರ್ತಿ ಬಿಟ್ಟುಬಿಡಿ. ಮೊಟ್ಟೆ ಸ್ಪಂಜ್ ಬೇಕೇ ಬೇಕು ಅನ್ನಿಸಿದರೆ ಹುಟ್ಟುಹಬ್ಬಕ್ಕೆ ಇಟ್ಟುಕೊಳ್ಳಿ, ಅದಕ್ಕೊಂದು ಬೇರೆ ಟಿನ್ನು, ಬೇರೆ ಬಟ್ಟಲು ಇರಲಿ, ಅದು ಬೇರೆ ಅಂತ ಅತ್ತೆಗೆ ತೋರಿಸಿಯೂ ಬಿಡಿ.

ನಾನು ಮೂಲ ಹಿಟ್ಟು ಮಾಡುವ ಅಳತೆ ಇದು. ತೀರಾ ಹುಳಿ ಬರದ ಗಟ್ಟಿ ಮೊಸರು 1 ಕಪ್, ಸಕ್ಕರೆ 150 ಗ್ರಾಂ, ವಾಸನೆ ಇಲ್ಲದ ಎಣ್ಣೆ ಅರ್ಧ ಕಪ್, ಮೈದಾ 190 ಗ್ರಾಂ, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡ ಅರ್ಧ ಟೀ ಚಮಚ, ಚಿಟಿಕೆ ಉಪ್ಪು. ಮೊಸರು, ಸಕ್ಕರೆ ಚೆನ್ನಾಗಿ ಕರಗಿಸಿ, ಪೌಡರ್ ಮತ್ತು ಸೋಡ ಹಾಕಿ ಕದಡಿ ಐದು ನಿಮಿಷ ಬಿಡಿ. ನೊರೆ ನೊರೆಯಾಗಿ ಉಬ್ಬುತ್ತದೆ. ಉಬ್ಬದಿದ್ದರೆ ನಿಮ್ಮ ಸೋಡ ಹಳೆಯದು, ಅಲ್ಲಿಗೇ ನಿಲ್ಲಿಸಿ ಹೊಸದು ತನ್ನಿ. ಆಮೇಲೆ ಎಣ್ಣೆ, ಕೊನೆಗೆ ಜರಡಿ ಹಿಡಿದ ಮೈದಾ ಮತ್ತು ಉಪ್ಪು. ಬಿಳಿ ಹಿಟ್ಟು ಕಾಣದಾದ ತಕ್ಷಣ ಕೈ ನಿಲ್ಲಿಸಿ. ಚಪಾತಿ ಹಿಟ್ಟನ್ನು ನಾದಿದಷ್ಟೂ ಜಿಗಿ ಬರುತ್ತದಲ್ಲ, ಅದೇ ಜಿಗಿ ಕೇಕಿಗೆ ಬಂದರೆ ಗಟ್ಟಿ. ಎಣ್ಣೆ ಯಾಕೆ, ಬೆಣ್ಣೆ ಯಾಕಲ್ಲ ಅಂತ ನನ್ನ ಬೇಕಿಂಗ್ ಕ್ಲಾಸಿಗೆ ಬರುವವರು ಕೇಳುತ್ತಾರೆ. ಬೆಣ್ಣೆ ತಣ್ಣಗಾದರೆ ಗಟ್ಟಿಯಾಗುತ್ತದೆ, ಕೇಕೂ ಅದರ ಜೊತೆ ಬಿಗಿಯುತ್ತದೆ. ಎಣ್ಣೆ ಹಾಕಿದ್ದು ಮಾರನೇ ದಿನವೂ ಮೆತ್ತಗಿರುತ್ತದೆ.

ಇದನ್ನು ದೊಡ್ಡ ಟಿನ್ನಿಗೆ ಸುರಿಯಬೇಡಿ. ಮಫಿನ್ ಟ್ರೇಯಲ್ಲಿ ಪೇಪರ್ ಕಪ್ ಇಟ್ಟುಕೊಳ್ಳಿ, ಸುಮಾರು 12 ಕಪ್ ಆಗುತ್ತದೆ. ಹಿಟ್ಟನ್ನು ಮೂರು ಬಟ್ಟಲಿಗೆ ಹಂಚಿ. ಒಂದಕ್ಕೆ ಏಲಕ್ಕಿ ಪುಡಿ, ಅಷ್ಟೇ. ಇನ್ನೊಂದಕ್ಕೆ ಒಂದು ದೊಡ್ಡ ಚಮಚ ಕೋಕೋ ಪುಡಿಯನ್ನು ಒಂದು ದೊಡ್ಡ ಚಮಚ ಹಾಲಲ್ಲಿ ಕಲಸಿ ಸೇರಿಸಿ. ಒಣ ಕೋಕೋ ನೇರವಾಗಿ ಹಾಕಿದರೆ ಅದು ಹಿಟ್ಟಿನ ನೀರನ್ನೆಲ್ಲ ಕುಡಿದು, ಆ ನಾಲ್ಕು ಕಪ್ ಮಾತ್ರ ಬಾಯಿಗೆ ಒಣ ಒಣ ಆಗುತ್ತದೆ. ಮೂರನೆಯದಕ್ಕೆ ಟೂಟಿ ಫ್ರೂಟಿ, ಗೋಡಂಬಿ ಚೂರು, ಏನು ಬೇಕೋ ಅದು. ಕಪ್ಪಿಗೆ ಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ ತುಂಬಿಸಿ, 180 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಇದೆಲ್ಲ ಬೇಗ ಆಗಬೇಕು. ಸೋಡ ಮೊಸರಿಗೆ ಬಿದ್ದಾಗಲೇ ಕೆಲಸ ಶುರು ಮಾಡಿರುತ್ತದೆ, ನಿಮಗಾಗಿ ಕಾಯಲ್ಲ. ಓವನ್ ಹತ್ತು ನಿಮಿಷ ಮುಂಚೆಯೇ ಕಾದಿರಲಿ, ಕೋಕೋ ಕಲಸಿಟ್ಟಿರಲಿ, ಪೇಪರ್ ಕಪ್ ಟ್ರೇಯಲ್ಲಿ ಕೂತಿರಲಿ, ಮಗಳ ಕೈಗೆ ಒಂದು ಚಮಚ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಸಣ್ಣ ಕಪ್ಪಿಗೆ ಇನ್ನೊಂದು ಲಾಭ ಇದೆ. ಭಾನುವಾರ ಮಧ್ಯಾಹ್ನವೇ ಕರೆಂಟ್ ಹೋಗುವ ಕಡೆ 45 ನಿಮಿಷದ ಕೇಕಿಗಿಂತ 20 ನಿಮಿಷದ ಕಪ್ ಗೆಲ್ಲುವ ಸಾಧ್ಯತೆ ಜಾಸ್ತಿ. ನಡುವೆ ಹೋದರೂ ಬಾಗಿಲು ತೆಗೆಯಬೇಡಿ, ಕಾದ ಓವನ್ ಒಳಗಿನ ಬಿಸಿಯೇ ಸ್ವಲ್ಪ ಹೊತ್ತು ಬೇಯಿಸುತ್ತದೆ.

ನಿಮ್ಮ ಮನೆಯವರಿಗಾಗಿ ಸಕ್ಕರೆಯನ್ನು 125 ಗ್ರಾಂವರೆಗೆ ಇಳಿಸಬಹುದು. ಅದಕ್ಕಿಂತ ಇಳಿಸಿದರೆ ಸಿಹಿ ಮಾತ್ರ ಅಲ್ಲ, ಮೆದುವೂ ಹೋಗುತ್ತದೆ, ಯಾಕಂದ್ರೆ ಕೇಕಿನ ತೇವ ಹಿಡಿದಿಡುವುದು ಸಕ್ಕರೆಯೇ. ಅವರಿಗೆ ನಾನಾದರೆ ಏಲಕ್ಕಿ ಕಪ್ಪಿನ ಮೇಲೆ ದ್ರಾಕ್ಷಿ ಸಾಸ್ ಹಾಕಿ ಕೊಡುತ್ತೇನೆ. ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ನೀಲಿ ದ್ರಾಕ್ಷಿ ಇದೆಯಲ್ಲ, 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಬೆಂಗಳೂರು ಬ್ಲೂ, ಅದನ್ನು ಹಾಗೇ ತಿನ್ನಲು ಸಿಪ್ಪೆ ದಪ್ಪ, ಬೀಜ ಬೇರೆ ಅಂತ ಮಕ್ಕಳು ದೂರ ತಳ್ಳುತ್ತಾರೆ. ಕಾಲು ಕೆಜಿ ಹಣ್ಣನ್ನು ಎರಡು ಚಮಚ ಸಕ್ಕರೆ ಜೊತೆ ಹತ್ತು ನಿಮಿಷ ಕುದಿಸಿ ಜರಡಿಯಲ್ಲಿ ಒತ್ತಿ ಸೋಸಿ. ಸಿಪ್ಪೆ, ಬೀಜ ಮೇಲೆ ಉಳಿಯುತ್ತೆ, ಕೆಳಗೆ ಕಡು ನೇರಳೆ ರಸ. ಮತ್ತೆ ಸ್ವಲ್ಪ ಕುದಿಸಿದರೆ ದಪ್ಪ ಆಗುತ್ತದೆ. ಸಿಹಿ ಬೇಡ ಅನ್ನುವ ಎಷ್ಟೋ ಜನಕ್ಕೆ ನಿಜವಾಗಿ ಬೇಕಿರುವುದು ಹುಳಿ.

ಮಾವನವರ ವಿಷಯಕ್ಕೆ ಬರೋಣ. ಇಲ್ಲಿ ಸುಮ್ನೆ ಸಿಹಿ ಮಾತಾಡಲ್ಲ. "ಬೆಲ್ಲ ಹಾಕಿದ್ದೀನಿ, ಏನೂ ಆಗಲ್ಲ ತಿನ್ನಿ" ಅನ್ನೋದು ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಹೇಳುವ ದೊಡ್ಡ ಸುಳ್ಳು. ಬೆಲ್ಲವೂ ಹೆಚ್ಚೂಕಡಿಮೆ ಸಕ್ಕರೆಯೇ, ರಕ್ತದಲ್ಲಿ ಶುಗರ್ ಏರಿಸುತ್ತದೆ. ಖರ್ಜೂರವೂ ಅಷ್ಟೇ. ರಾಗಿಯಲ್ಲಿ ನಾರು ಜಾಸ್ತಿ ಇದೆ ನಿಜ, ಆದರೆ ರಾಗಿ ಕೇಕ್ ಅಂದ ಮಾತ್ರಕ್ಕೆ ಅದು ಔಷಧ ಆಗಲ್ಲ. ಮೇಲಿನ ಅಳತೆಯಲ್ಲಿ ಒಂದೊಂದು ಕಪ್ಪಿಗೆ 12 ಗ್ರಾಂ ಚಿಲ್ಲರೆ ಸಕ್ಕರೆ ಬೀಳುತ್ತದೆ, ಟೀ ಚಮಚದ ಲೆಕ್ಕದಲ್ಲಿ ಮೂರು. ಮೈದಾದ್ದು ಬೇರೆ. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅವರ ಡಾಕ್ಟರನ್ನೇ ಕೇಳಿ, ಎಷ್ಟು ತಿನ್ನಬಹುದು, ಯಾವಾಗ ತಿನ್ನಬಹುದು ಅಂತ. ಕೇಕ್ ತಿನ್ನಬೇಕು ಅಂತ ಊಟ ಬಿಡುವ ಅಭ್ಯಾಸ ಕೆಲವರಿಗಿದೆ. ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಹಾಗೆ ಮಾಡಿದರೆ ಶುಗರ್ ಇಳಿದು ತಲೆ ತಿರುಗಬಹುದು, ಅದು ಇನ್ನೂ ಅಪಾಯ. ಡಾಕ್ಟರ್ ಅರ್ಧ ಕಪ್ ಅಂದರೆ ಅವರಿಗೆ ಅಂತಲೇ ಒಂದು ಪುಟ್ಟ ಕಪ್ ಬೇಯಿಸಿ. ದೊಡ್ಡದನ್ನು ಎಲ್ಲರೆದುರು ಅರ್ಧ ಮಾಡಿ ಕೊಟ್ಟರೆ ಪಾಪ ಬೇಜಾರಾಗುತ್ತೆ. ಜೊತೆಗೆ ಹುರಿದ ಪಾವಗಡದ ಕಡ್ಲೇಕಾಯಿ ಒಂದು ಹಿಡಿ ಇಡಿ, ಕೈ ಬಾಯಿಗೆ ಕೆಲಸ ಇರುತ್ತದೆ.

ಈಗ ಪುಡಿಪುಡಿಯಾದ ರಾಗಿ ಕೇಕ್. ನಾನೂ ಒಮ್ಮೆ ಪೂರ್ತಿ ರಾಗಿಯಲ್ಲೇ ಮಾಡಿದ್ದೆ, ಅಮ್ಮನ ಹುಟ್ಟುಹಬ್ಬಕ್ಕೆ. ಚಾಕು ಇಟ್ಟಿದ್ದೇ ತಡ, ಕುಸಿದು ಕೂತಿತು. ಅಪ್ಪ ಏನೂ ಅನ್ನಲಿಲ್ಲ. ಒಂದು ಲೋಟ ಬಿಸಿ ಹಾಲು ತರಿಸಿಕೊಂಡು ಅದಕ್ಕೆ ಸುರಿದು ಚಮಚದಲ್ಲಿ ತಿಂದು, "ಮಾಲ್ಟ್ ಚೆನ್ನಾಗಿದೆ" ಅಂದರು. ರಾಗಿಯಲ್ಲಿ ಗ್ಲುಟನ್ ಇಲ್ಲ, ಅಂದರೆ ಗೋಧಿ, ಮೈದಾದಲ್ಲಿ ಇರುವ ಆ ಎಳೆಯುವ ಜಿಗಿ ಇಲ್ಲ. ಮುದ್ದೆ ಕಟ್ಟಿಕೊಳ್ಳುತ್ತಲ್ಲ ಅಂತೀರಾ? ಅದು ಕುದಿಯುವ ಎಸರಲ್ಲಿ ಹಿಟ್ಟು ಬೆಂದು ಅಂಟಾಗುವುದರಿಂದ. ಕೇಕಿನಲ್ಲಿ ಅಷ್ಟು ನೀರೂ ಇಲ್ಲ, ತೊಳಸುವ ಕೋಲೂ ಇಲ್ಲ. ಹಾಗಾಗಿ 190 ಗ್ರಾಂ ಹಿಟ್ಟಿನಲ್ಲಿ 60 ಗ್ರಾಂ ಮಾತ್ರ ರಾಗಿ ಇರಲಿ, ಉಳಿದದ್ದು ಮೈದಾ, ಇಲ್ಲವೇ ಅರ್ಧ ಮೈದಾ ಅರ್ಧ ಗೋಧಿ. ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಆರಿಸಿ, ಮೊಸರಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಹಲ್ಲಿಗೆ ಸಿಗುವ ಮರಳು ಮರಳು ಕಮ್ಮಿಯಾಗುತ್ತದೆ. ಈ ಸಲ ಸೋಡ, ಪೌಡರ್ ಮೊದಲೇ ಹಾಕಬೇಡಿ, ನೆನೆದ ಮೇಲೆ ಮೈದಾ ಜೊತೆ ಹಾಕಿ. ಬೆಲ್ಲ ಹಾಕುವುದಾದರೆ ಸ್ವಲ್ಪ ನೀರಲ್ಲಿ ಕರಗಿಸಿ ಸೋಸಿ, ಪೂರ್ತಿ ಆರಿದ ಮೇಲೆ ಸೇರಿಸಿ, ಬಿಸಿ ಪಾಕ ಬಿದ್ದರೆ ಮೊಸರು ಒಡೆಯುತ್ತದೆ.

ಮಗನ ಕೊಬ್ಬರಿ ಬಿಸ್ಕತ್ತು ಮಾತ್ರ ಬೇರೆ ದಿನ ಮಾಡಿ, ಅದನ್ನು ಕೇಕಿನ ಹಿಟ್ಟಿಗೆ ಸೇರಿಸಲು ಹೋಗಬೇಡಿ. ಕೊಬ್ಬರಿಗೆ ಹೆಸರಾದ ತಿಪಟೂರು ಪಕ್ಕದಲ್ಲಿಟ್ಟುಕೊಂಡು ನಮ್ಮವರು ಹಸಿ ತೆಂಗಿನಕಾಯಿ ತುರಿ ಹಾಕುತ್ತಾರೆ, ಬಿಸ್ಕತ್ತು ಮಾರನೇ ದಿನ ಮೆತ್ತಗಾಯ್ತು ಅಂತಾರೆ. ಹಸಿ ಕಾಯಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಆರಿ, ಎಣ್ಣೆ ಉಳಿದು ಬಂದಿರುವುದು. ಬಿಸ್ಕತ್ತಿಗೆ ಬೇಕಾದ್ದೂ ಅದೇ. ತುರಿಯುವ ಮೊದಲು ಒಂದು ಚೂರು ಕಚ್ಚಿ ನೋಡಿ. ಕಮಟು ಇದ್ದರೆ ಅದನ್ನು ಬಿಡಿ, ಬೇಯಿಸಿದರೆ ಕಮಟು ಹೋಗಲ್ಲ. ಕಂದು ಸಿಪ್ಪೆ ಹೆರೆದು ತೆಗೆದ ತುರಿ 60 ಗ್ರಾಂ, ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 80 ಗ್ರಾಂ, ಮೈದಾ 150 ಗ್ರಾಂ. ಬೆಣ್ಣೆ, ಸಕ್ಕರೆ ಬೆಳ್ಳಗಾಗುವವರೆಗೆ ತಿರುವಿ, ಉಳಿದದ್ದು ಸೇರಿಸಿ ಉಂಡೆ ಕಟ್ಟಿ ಚಪ್ಪಟೆ ಮಾಡಿ, 170 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಅಂಚು ಹೊಂಬಣ್ಣಕ್ಕೆ ಬಂದರೆ ಸಾಕು. ಒತ್ತಿದರೆ ಮೆತ್ತಗಿದೆಯಲ್ಲ ಅಂತ ಮತ್ತೆ ಒಳಗಿಡಬೇಡಿ, ಆರಿದ ಮೇಲೆ ಗರಿಗರಿ ಆಗುತ್ತದೆ.

ಇನ್ನೊಂದು. ಹೇಗಿದೆ ಅಂತ ಯಾರನ್ನೂ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ತಟ್ಟೆಯಲ್ಲಿ ಉಳಿದಿದ್ದನ್ನು ನೋಡಿ. ಕ್ರೀಮ್ ಉಳಿದಿದೆಯೋ, ಒಣದ್ರಾಕ್ಷಿ ಆರಿಸಿಟ್ಟಿದ್ದಾರೋ, ಅಂಚು ಬಿಟ್ಟಿದ್ದಾರೋ. ಎರಡು ಭಾನುವಾರ ನೋಡಿದರೆ ಗೊತ್ತಾಗುತ್ತದೆ. ಆದರೂ 12 ಕಪ್ ಮುಗಿಯದಿದ್ದರೆ, ಆರಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಫ್ರೀಜರಿಗೆ ಹಾಕಿ. ಒಂದು ತಿಂಗಳು ಇರುತ್ತದೆ, ಸ್ಕೂಲ್ ಡಬ್ಬಿಗೂ ಆಯ್ತು.

ಪ್ರಶ್ನೆ: ಶ್ರೀನಿವಾಸಪುರದಿಂದ ಬರೀತಿದ್ದೀನಿ. ಮಾವಿನ ಹಣ್ಣಿನ ಕೇಕ್ ಮೇಲೆ ಕೆಂಪಾಗುತ್ತೆ, ಒಳಗೆ ಹಸಿ. ಮಕ್ಕಳು ತಿಂತಾರೆ, ನಮ್ಮತ್ತಿಗೆ ಬೆಂದ ಮಾವು ಬೇಡ ಅಂತಾರೆ.

ಉತ್ತರ: ನಿಮ್ಮತ್ತಿಗೆ ಪಕ್ಷವೇ ನನ್ನದು. ಮಾವಿನ ಊರಲ್ಲಿದ್ದುಕೊಂಡು ಹಣ್ಣನ್ನು ಯಾಕೆ ಬೇಯಿಸುತ್ತೀರಿ? ಸಾದಾ ಕೇಕ್ ಮಾಡಿ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರಿಗೆ ಒಂದು ಚಮಚ ಸಕ್ಕರೆ ಕಲಸಿ ಮೇಲೆ ಸವರಿ, ಬಾದಾಮಿ ಮಾವಿನ ಹೋಳು ಜೋಡಿಸಿ. ಬೇಡದವರು ಹೋಳು ಬಿಟ್ಟು ತಿನ್ನಲಿ. ಮಕ್ಕಳಿಗೆ ಒಳಗೇ ಬೇಕು ಅಂದರೆ, ಹಣ್ಣಿನ ರಸವನ್ನೂ ನೀರಿನ ಲೆಕ್ಕಕ್ಕೇ ಸೇರಿಸಿಕೊಳ್ಳಬೇಕು. ಅರ್ಧ ಕಪ್ ತಿರುಳು ಹಾಕಿದರೆ ಅರ್ಧ ಕಪ್ ಮೊಸರು ಕಮ್ಮಿ. ರಸಪುರಿ ತೀರಾ ನೀರು, ಅದನ್ನು ಬಾಣಲೆಯಲ್ಲಿ ಅರ್ಧಕ್ಕೆ ಇಂಗಿಸಿ, ಆರಿಸಿ ಹಾಕಿ. ಶಾಖ 170ಕ್ಕೆ ಇಳಿಸಿ, ಹತ್ತು ನಿಮಿಷ ಜಾಸ್ತಿ ಬಿಡಿ.

ಪ್ರಶ್ನೆ: ಚಿಂತಾಮಣಿ. ನಮ್ಮಲ್ಲಿ ಓವನ್ ಇಲ್ಲ, ಕುಕ್ಕರಿನಲ್ಲಿ ಮಾಡ್ತೀನಿ. ತಳ ಸೀದು ಹೋಗುತ್ತೆ.

ಉತ್ತರ: ಉರಿ ಜಾಸ್ತಿ ಆಗಿದೆ, ಅಥವಾ ಟಿನ್ನು ತಳಕ್ಕೆ ತಾಗಿದೆ. ದಿನಾ ಬಳಸುವ ಕುಕ್ಕರನ್ನು ಒಣಗಿ ಕಾಯಿಸಿ ಹಾಳು ಮಾಡಬೇಡಿ, ಹಳೆಯದೊಂದು ದಪ್ಪ ತಳದ ಪಾತ್ರೆ, ಮುಚ್ಚಳ ಸಾಕು. ಕುಕ್ಕರೇ ಅಂದರೆ ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದಿರಬೇಕು, ನೀರು ಹಾಕಬಾರದು. ತಳಕ್ಕೆ ಒಂದಿಂಚು ಪುಡಿ ಉಪ್ಪು, ಅದರ ಮೇಲೆ ಸ್ಟ್ಯಾಂಡ್, ಮುಚ್ಚಿ ಹತ್ತು ನಿಮಿಷ ನಡು ಉರಿ. ಟಿನ್ನು ಇಟ್ಟ ಮೇಲೆ ತೀರಾ ಸಣ್ಣ ಉರಿ, 40ರಿಂದ 45 ನಿಮಿಷ. ಮೊದಲ 30 ನಿಮಿಷ ಮುಚ್ಚಳ ತೆಗೆದು ಇಣುಕಬೇಡಿ. ಮೇಲ್ಭಾಗ ಓವನ್ನಿನಷ್ಟು ಕೆಂಪಾಗಲ್ಲ, ಕೆಂಪಾಗಲಿ ಅಂತ ಕಾದರೆ ತಳ ಸೀಯುತ್ತದೆ. ಕಡ್ಡಿ ಚುಚ್ಚಿದಾಗ ಒಣಗಿ ಬಂದರೆ ಇಳಿಸಿಬಿಡಿ. ಆ ಉಪ್ಪನ್ನು ಡಬ್ಬದಲ್ಲಿ ಎತ್ತಿಡಿ, ಮುಂದಿನ ಸಲಕ್ಕೂ ಅದೇ ಆಗುತ್ತದೆ. ಸಾರಿಗೆ ಮಾತ್ರ ಹಾಕಬೇಡಿ.