ಗಡಿ ಜಗಳ ಇರುವ ಎರಡು ದೇಶಗಳು ಒಂದೇ ಮೀನನ್ನು ಹೇಗೆ ಹಂಚಿಕೊಳ್ಳುತ್ತವೆ?

ಒಟ್ಟು ಎಷ್ಟು ಹಿಡಿಯಬೇಕು ಅಂತ ಮೊದಲು ಕೂತು ತೀರ್ಮಾನಿಸುತ್ತಾರೆ, ಆಮೇಲೆ ಪಾಲು ಮಾಡಿಕೊಳ್ಳುತ್ತಾರೆ. ನಾರ್ವೆ, ರಷ್ಯಾದ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದ ಕಾಡ್ ಎಂಬ ಮೀನನ್ನೇ ನೋಡಿ. ನಾರ್ವೆ ಮತ್ತು ಆಗಿನ ಸೋವಿಯತ್ ಒಕ್ಕೂಟ 1975ರಲ್ಲಿ ಒಪ್ಪಂದ ಮಾಡಿಕೊಂಡವು. ಬೇರೆ ದೇಶಗಳಿಗೆ ಒಂದಿಷ್ಟು ತೆಗೆದಿಟ್ಟು, ಉಳಿದದ್ದರಲ್ಲಿ ಅರ್ಧರ್ಧ. ಸಮುದ್ರದ ಗಡಿ ಜಗಳ ಬಗೆಹರಿದದ್ದು 2010ರಲ್ಲಿ, ಆದರೆ ಮೀನಿನ ಲೆಕ್ಕ ಅಲ್ಲಿಯವರೆಗೆ ಕಾಯಲಿಲ್ಲ!

ಇದು ನಡೆಯುವುದಕ್ಕೆ ಕಾರಣ ಸ್ನೇಹ ಅಲ್ಲ, ಮೀನಿನ ಓಡಾಟ. ಕಾಡ್ ಮೊಟ್ಟೆ ಇಡುವುದು ಹೆಚ್ಚಾಗಿ ನಾರ್ವೆಯ ಲೊಫೋಟೆನ್ ಕಡೆ, ಮರಿಗಳು ನೀರಿನ ಹರಿವಿನ ಜೊತೆ ಬ್ಯಾರೆಂಟ್ಸ್‌ಗೆ ತೇಲಿ ಹೋಗುತ್ತವೆ, ಅವುಗಳಲ್ಲಿ ಬಹಳಷ್ಟು ರಷ್ಯಾದ ನೀರಲ್ಲಿ ಬೆಳೆಯುತ್ತವೆ. ರಷ್ಯಾದವರು ಮರಿಗಳನ್ನೇ ಬಾಚಿದರೆ ನಾರ್ವೆಗೆ ದೊಡ್ಡ ಮೀನೇ ಇಲ್ಲ. ಮೊಟ್ಟೆ ಇಡುವ ಮೀನನ್ನು ನಾರ್ವೆ ಮುಗಿಸಿದರೆ ರಷ್ಯಾಕ್ಕೆ ಮರಿ ಎಲ್ಲಿಂದ ಬರಬೇಕು? ಅದಕ್ಕೇ, ಮರಿಗಳನ್ನು ಬಾಚದಿರಲಿ ಅಂತ, ನಾರ್ವೆಯವರು ರಷ್ಯಾದ ದೋಣಿಗಳಿಗೆ ತಮ್ಮ ನೀರಿಗೇ ಬಂದು ದೊಡ್ಡ ಕಾಡ್ ಹಿಡಿಯಲು ಬಿಡುತ್ತಾರೆ.

ಎಲ್ಲ ಕಡೆ ಹೀಗಾಗಲ್ಲ. ನಮ್ಮ ಬಂಗುಡೆಯ ನೆಂಟ ಅನ್ನಬಹುದಾದ ಅಟ್ಲಾಂಟಿಕ್ ಮ್ಯಾಕರೆಲ್ ಐಸ್‌ಲ್ಯಾಂಡ್ ಕಡೆಗೂ ಹೋಗಲು ಶುರು ಮಾಡಿದಾಗ ಹಳೆಯ ಪಾಲು ಕೆಟ್ಟಿತು. ಪ್ರತಿ ದೇಶವೂ ತನಗೆ ಬೇಕಾದಷ್ಟು ಬರೆದುಕೊಂಡಿತು, ಎಲ್ಲ ಕೂಡಿಸಿದರೆ ವಿಜ್ಞಾನಿಗಳು ಹೇಳಿದ್ದಕ್ಕಿಂತ ಜಾಸ್ತಿ.