ಅಪ್ಪನ ಬಿಪಿ ನನ್ನ ಮೊಬೈಲಿಗೆ ಬಂದರೆ ಸಾಕೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪ, ಅಮ್ಮ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಅಪ್ಪನಿಗೆ 68 ವರ್ಷ. ಬಿಪಿ, ಶುಗರ್ ಎರಡೂ ಇವೆ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು, ಹೃದಯದ ಪಂಪಿಂಗ್ ಕಡಿಮೆ ಎಂದಿದ್ದಾರೆ. ಬಿಪಿ, ಶುಗರ್ ಎಲ್ಲ ತೋರಿಸುವ ಸ್ಮಾರ್ಟ್ ವಾಚ್ ಕೊಡಿಸಿದರೆ ನಾನು ಇಲ್ಲಿಂದಲೇ ನೋಡಿಕೊಳ್ಳಬಹುದೇ? ಮನೆಯಲ್ಲಿ ಸಿಗ್ನಲ್ ಬರುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ.

ಉತ್ತರ: ವಾಚ್ ಬೇಡ. ಚರ್ಮ ಚುಚ್ಚದೆ ಶುಗರ್ ಅಳೆಯುವ ಯಾವ ವಾಚಿಗೂ, ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ, ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ತೋಳಿಗೆ ಪಟ್ಟಿ ಸುತ್ತದೆ ಬಿಪಿ ತೋರಿಸುವ ವಾಚುಗಳನ್ನೂ ಪೂರ್ತಿ ನಂಬುವಂತಿಲ್ಲ. ಅದರ ಲೆಕ್ಕ ನೋಡಿ ಮಾತ್ರೆ ಬದಲಿಸುವ ಧೈರ್ಯ ನನಗಂತೂ ಇಲ್ಲ.

ಅದೇ ದುಡ್ಡಿನಲ್ಲಿ ಮೂರು ಸಾಮಾನು ತನ್ನಿ. ತೋಳಿಗೆ ಸುತ್ತುವ ಬಿಪಿ ಮೆಷಿನ್, ಗ್ಲುಕೋಮೀಟರ್, ತೂಕದ ಡಿಜಿಟಲ್ ಮೆಷಿನ್. ಬಿಪಿ ಪಟ್ಟಿ ಅಪ್ಪನ ತೋಳಿಗೆ ಸರಿಯಾಗಿ ಹೊಂದಬೇಕು. ಚಿಕ್ಕದಾದರೆ ಇಲ್ಲದ ಬಿಪಿಯನ್ನೂ ತೋರಿಸುತ್ತದೆ. ಶುಗರ್ ನೋಡುವ ಮೊದಲು ಕೈ ತೊಳೆದು ಒರೆಸಿಕೊಳ್ಳಲಿ. ಬಾಳೆಹಣ್ಣು ಸುಲಿದ ಬೆರಳನ್ನು ಹಾಗೇ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ!

ಅಪ್ಪನ ವಿಷಯದಲ್ಲಿ ಈ ಮೂರರಲ್ಲಿ ನನಗೆ ಮುಖ್ಯ ತೂಕದ ಮೆಷಿನ್. ಹೆಚ್ಚಿನವರು ಅದನ್ನೇ ಬಿಡುತ್ತಾರೆ. ಪಂಪಿಂಗ್ ಕಡಿಮೆ ಇರುವವರಿಗೆ ಮೈಯಲ್ಲಿ ನೀರು ನಿಲ್ಲುತ್ತದೆ. ಕಾಲು ಊದುವುದಕ್ಕೂ ಏದುಸಿರು ಬರುವುದಕ್ಕೂ ಎಷ್ಟೋ ಸಲ ಮೊದಲೇ ಅದು ತೂಕದಲ್ಲಿ ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಚಹಾಕ್ಕೆ ಮೊದಲು, ಒಂದೇ ಥರದ ಬಟ್ಟೆಯಲ್ಲಿ ನಿಂತು ನೋಡಲಿ. ಮೂರು ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ ಅದು ಕೊಬ್ಬಲ್ಲ, ನೀರು. ಅವತ್ತೇ ಡಾಕ್ಟರಿಗೆ ಫೋನ್ ಮಾಡಬೇಕು. ನೀರು ಹೋಗುವ ಮಾತ್ರೆ ಸ್ವಲ್ಪ ಹೆಚ್ಚಿಸಿದರೆ ಎಷ್ಟೋ ಸಲ ಅಡ್ಮಿಟ್ ಆಗುವುದು ತಪ್ಪುತ್ತದೆ. ನಿಮ್ಮ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಊಟ ಇಳಿಯುವುದಿಲ್ಲ, ಅಲ್ವಾ? ಆ ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ. ಎರಡು ದಿನ ಮದುವೆಮನೆ ಊಟ ಮಾಡಿ ಬಂದರೆ ತೂಕದ ಮೆಷಿನ್ ಚಾಡಿ ಹೇಳುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ಅಂಕಿ ನಿಮ್ಮ ಮೊಬೈಲಿಗೆ ಬಂತು, ಆಮೇಲೆ? ನೀವು ಮೀಟಿಂಗಿನಲ್ಲಿರುತ್ತೀರಿ. ನೋಡಿದರೂ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ಅಮೆರಿಕದಲ್ಲಿ 1,653 ಹೃದಯ ರೋಗಿಗಳ ಮೇಲೆ ಇಂಥದ್ದೇ ಒಂದು ಪ್ರಯೋಗ ನಡೆಯಿತು. ಅವರಲ್ಲಿ ಅರ್ಧದಷ್ಟು ಜನ ದಿನವೂ ಫೋನ್ ಮಾಡಿ, ರೆಕಾರ್ಡ್ ಮಾಡಿದ ದನಿ ಕೇಳಿದ್ದಕ್ಕೆ ಫೋನಿನ ಗುಂಡಿ ಒತ್ತಿ ತೂಕ, ತೊಂದರೆ ತಿಳಿಸಬೇಕಿತ್ತು. ಫಲಿತಾಂಶ 2010ರಲ್ಲಿ ಬಂತು. ಮತ್ತೆ ಆಸ್ಪತ್ರೆ ಸೇರುವುದಾಗಲಿ, ಸಾವಾಗಲಿ ಕಡಿಮೆಯಾಗಲಿಲ್ಲ. ಏಳರಲ್ಲಿ ಒಬ್ಬರು ಒಮ್ಮೆಯೂ ಫೋನ್ ಮಾಡಿರಲಿಲ್ಲ. ಜರ್ಮನಿಯವರು 1,571 ರೋಗಿಗಳೊಂದಿಗೆ ಮಾಡಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಅಲ್ಲಿ ಬರ್ಲಿನ್ನಿನ ಶರಿಟೆ ಆಸ್ಪತ್ರೆಯ ಡಾಕ್ಟರು, ನರ್ಸುಗಳು ಹಗಲು ರಾತ್ರಿ ಅಂಕಿಗಳನ್ನು ನೋಡುತ್ತಿದ್ದರು, ಬದಲಾವಣೆ ಕಂಡರೆ ಫೋನ್ ಮಾಡುತ್ತಿದ್ದರು. ಮಾಮೂಲಿ ಚಿಕಿತ್ಸೆಯವರಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 11 ಇದ್ದ ಸಾವು ಇವರಲ್ಲಿ 8ರ ಹತ್ತಿರ ಇತ್ತು. ಅಲ್ಲಿ ಅಂಕಿಯ ಆಚೆ ಬದಿಯಲ್ಲಿ ಎಲ್ಲ ಹೊತ್ತಿನಲ್ಲೂ ಮನುಷ್ಯರಿದ್ದರು.

ಹಾಗಾಗಿ ಆ್ಯಪ್ ಹುಡುಕುವ ಮೊದಲು ಅಪ್ಪನ ಡಾಕ್ಟರ ಹತ್ತಿರ ಕೂತು ಒಂದು ಚೀಟಿ ಬರೆಸಿಕೊಳ್ಳಿ. ಯಾವ ಅಂಕಿಗೆ ಫೋನ್, ಯಾರಿಗೆ ಫೋನ್, ಅವರು ಸಿಗದಿದ್ದರೆ ಯಾರಿಗೆ. ಶುಗರ್ 70ಕ್ಕಿಂತ ಕೆಳಗೆ ಹೋದರೆ ಯಾರನ್ನೂ ಕೇಳುತ್ತ ಕೂರಬಾರದು. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು. ಎಚ್ಚರ ತಪ್ಪಿದರೂ, ಎದೆನೋವು ಬಂದರೂ, ಮಲಗಿದರೆ ಉಸಿರು ಕಟ್ಟಿದರೂ, ಬಾಯಿ ಸೊಟ್ಟಗಾದರೂ ವಾಟ್ಸಾಪ್ ಮಾಡುತ್ತ ಕೂರಬೇಡಿ, 108.

ಸಿಗ್ನಲ್ ಚಿಂತೆ ಬಿಡಿ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಅಮ್ಮ ಅಂಕಿ ಬರೆಯಲಿ. ವಾರಕ್ಕೊಮ್ಮೆ ಅದರ ಫೋಟೊ ಜಗಲಿ ಮೂಲೆಯಿಂದ ಕಳಿಸಿದರೆ ಸಾಕು. ಚೀಟಿಯ ಗೆರೆ ದಾಟಿದ ದಿನ ಮಾತ್ರ ಕಾಯದೆ ಫೋನ್ ಬರಬೇಕು. ಅಂಕಿ ಅಮ್ಮ ಬರೆಯಲಿ ಎಂದದ್ದಕ್ಕೂ ಕಾರಣವಿದೆ. ನನ್ನ ರೋಗಿಯೊಬ್ಬರು ಎರಡು ತಿಂಗಳ ಬಿಪಿ ಬರೆದು ತಂದಿದ್ದರು. ಎಲ್ಲ ದಿನವೂ 120/80, ಒಂದೇ ಪೆನ್ನು, ಒಂದೇ ಸಲ ಕೂತು ಬರೆದದ್ದು. ಮೆಷಿನ್ ಪೆಟ್ಟಿಗೆಯ ಪ್ಲಾಸ್ಟಿಕ್ಕೇ ಬಿಚ್ಚಿರಲಿಲ್ಲ ಎಂದು ಹೆಂಡತಿ ಆಮೇಲೆ ಹೇಳಿದರು.

ಪ್ರತಿ ಸಲ ಅಪ್ಪನನ್ನು ಬಸ್ಸಿನಲ್ಲಿ ಕರೆದೊಯ್ಯಬೇಕಾಗಿಲ್ಲ. 2020ರ ಮಾರ್ಚ್ ತಿಂಗಳ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ, ಅಪ್ಪನನ್ನು ಮೊದಲೇ ನೋಡಿರುವ ಡಾಕ್ಟರು ಫೋನ್, ವಿಡಿಯೊದಲ್ಲಿ ಮಾತಾಡಿ ಔಷಧದ ಪ್ರಮಾಣ ಬದಲಿಸಬಹುದು. ದೂರದಿಂದಲೇ ಡಾಕ್ಟರ ಸಲಹೆ ಕೊಡಿಸುವ ಸರ್ಕಾರದ ಇ-ಸಂಜೀವನಿಯೂ ಇದೆ, ದುಡ್ಡು ಕೊಡಬೇಕಿಲ್ಲ. ಊರಿನ ಆರೋಗ್ಯ ಉಪಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ಪ್ರಶ್ನೆ: ಬಿಪಿ ಮೆಷಿನ್ ತಂದ ಮೇಲೆ ನನ್ನ ಗಂಡ ದಿನಕ್ಕೆ ಹತ್ತು ಸಲ ನೋಡುತ್ತಾರೆ. ಪ್ರತಿ ಸಲವೂ ಬೇರೆ ಅಂಕಿ, ಪ್ರತಿ ಸಲವೂ ಗಾಬರಿ. ಏನು ಮಾಡಲಿ?

ಉತ್ತರ: ಮೆಟ್ಟಿಲು ಹತ್ತಿದರೆ, ಕಾಫಿ ಕುಡಿದರೆ, ಮಾತಾಡುತ್ತ ನೋಡಿದರೆ ಬಿಪಿ ಏರುತ್ತದೆ. ಗಾಬರಿಯಲ್ಲಿ ನೋಡಿದರೂ ಏರುತ್ತದೆ. ಡಾಕ್ಟರನ್ನು ನೋಡುವ ಹಿಂದಿನ ಏಳು ದಿನ ಮಾತ್ರ ಅಳೆಯಲಿ. ಐದು ನಿಮಿಷ ಸುಮ್ನೆ ಕೂತು, ಬೆನ್ನು ಒರಗಿಸಿ, ಕಾಲು ನೆಲಕ್ಕಿಟ್ಟು, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ ಅದು 135/85ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಉಳಿದ ದಿನ ಮೆಷಿನ್ ಬೀರುವಿನಲ್ಲಿರಲಿ. ಬೀಗದ ಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ.