ಬಿಸಿಲಿಗೆ ನಿಲ್ಲುವ ಅಂಬಾಸಿಡರ್: ಪಂಪ್ ಬದಲಿಸುವ ಮೊದಲು ಇದನ್ನು ನೋಡಿ

ನಿಮ್ಮ ಪ್ರಶ್ನೆ ಇದು: ಹಳೆಯ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್ ಎಂಜಿನ್, ಸೋಲೆಕ್ಸ್ ಕಾರ್ಬೊರೇಟರ್. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯಿಂದ ಗದಗಕ್ಕೆ ಹೊರಟು ಅಣ್ಣಿಗೇರಿಯಲ್ಲಿ ಚಹಾಕ್ಕೆ ಇಪ್ಪತ್ತು ನಿಮಿಷ ನಿಲ್ಲಿಸುತ್ತೀರಿ. ಮತ್ತೆ ಹೊರಟು ಒಂದು ಕಿಲೋಮೀಟರ್ ಆಗುವುದರೊಳಗೆ ಗಾಡಿ ಜಗ್ಗಿ ಜಗ್ಗಿ ಬಂದ್ ಆಗುತ್ತದೆ. ಅರ್ಧ ತಾಸು ಬಿಟ್ಟರೆ ಏನೂ ಮಾಡದೆ ಚಾಲೂ ಆಗುತ್ತದೆ. ಮಿಸ್ತ್ರಿ ಪಂಪ್ (ಟ್ಯಾಂಕಿನಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಎಳೆದು ಕೊಡುವ ಭಾಗ) ಬದಲಿಸಲು ಹೇಳಿದ್ದಾರೆ, ಬದಲಿಸಬೇಕೇ?

ಈಗಲೇ ಬೇಡ. ಲಕ್ಷಣ ವೇಪರ್ ಲಾಕ್‌ನದೇ (ಕಾವಿಗೆ ಪೆಟ್ರೋಲ್ ಪೈಪು, ಪಂಪಿನಲ್ಲೇ ಆವಿಯಾಗಿ ಹರಿವು ಕಟ್ಟುವುದು) ಇದೆ, ಆದರೆ ಅದನ್ನೇ ಹೋಲುವ ಬೇರೆ ಮೂರ್ನಾಲ್ಕು ದೋಷಗಳಿವೆ.

ಪೆಟ್ರೋಲ್ ನೀರಿನ ಹಾಗೆ ಒಂದೇ ಉಷ್ಣತೆಗೆ ಕುದಿಯುವುದಿಲ್ಲ. ಅದರ ಹಗುರ ಅಂಶ 40 ಡಿಗ್ರಿ ಆಸುಪಾಸಿಗೇ ಆವಿಯಾಗತೊಡಗುತ್ತದೆ. ಗಾಡಿ ಓಡುವಾಗ ಫ್ಯಾನಿನ ಗಾಳಿ ಮತ್ತು ಹರಿಯುವ ಪೆಟ್ರೋಲ್ ಎರಡೂ ಪಂಪನ್ನು ತಂಪಾಗಿಡುತ್ತವೆ. ಎಂಜಿನ್ ಬಂದ್ ಮಾಡಿದ ಕೂಡಲೇ ಎರಡೂ ನಿಂತು, ಬ್ಲಾಕಿನ ಕಾವೆಲ್ಲ ಪಂಪಿಗೂ ಪೈಪಿಗೂ ಏರುತ್ತದೆ. ಮೇಲಾಗಿ ಈ ಎಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಒಂದೇ ಮಗ್ಗುಲಿಗಿವೆ. ಕಾರ್ಬೊರೇಟರ್ ಕಾದ ಮ್ಯಾನಿಫೋಲ್ಡಿನ ಮೇಲೆಯೇ ಕೂತಿದೆ. ಫ್ಲೋಟ್ ಚೇಂಬರಿನಲ್ಲಿ (ಕಾರ್ಬೊರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಉಳಿದಷ್ಟು ಪೆಟ್ರೋಲಿನಲ್ಲಿ ನೀವು ಆ ಒಂದು ಕಿಲೋಮೀಟರ್ ಹೋಗುತ್ತೀರಿ. ಅದು ತೀರಿದ ಮೇಲೆ ಪಂಪಿನ ಡಯಾಫ್ರಾಮ್ (ಪೆಟ್ರೋಲ್ ಎಳೆದು ತಳ್ಳುವ ಪೊರೆ) ಆಡುತ್ತಲೇ ಇರುತ್ತದೆ, ಆದರೆ ಆವಿ ಒಳಗೇ ಕುಗ್ಗಿ ಹಿಗ್ಗುತ್ತದೆ, ಮುಂದೆ ಸಾಗುವುದಿಲ್ಲ. ಈಗ ಬರುವ ಎಥನಾಲ್ ಬೆರೆತ ಪೆಟ್ರೋಲ್ ಹಳೆಯದಕ್ಕಿಂತ ಬೇಗ ಆವಿಯಾಗುತ್ತದೆ. ಮೊದಲು ಇಲ್ಲದ ತೊಂದರೆ ಈಚೆಗೆ ಶುರುವಾಗಿದ್ದರೆ ಇದೂ ಒಂದು ಕಾರಣ.

ಮುಂದಿನ ಸಲ ನಿಂತಾಗ ಮೊದಲ ಎರಡು ನಿಮಿಷ ಬಹಳ ಮುಖ್ಯ. ತಣ್ಣಗಾದ ಮೇಲೆ ಯಾವ ಸುಳಿವೂ ಉಳಿಯುವುದಿಲ್ಲ. ಇಳಿದವರೇ ಟ್ಯಾಂಕಿನ ಮುಚ್ಚಳ ತಿರುಗಿಸಿ. ಗಾಳಿ ಸುಸ್ ಎಂದು ಒಳಗೆ ಎಳೆದು, ತೆರೆದಿಟ್ಟಾಗ ಗಾಡಿ ಚಾಲೂ ಆದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ, ಅಷ್ಟೇ. ಇಲ್ಲವಾದರೆ ಸ್ಪಾರ್ಕ್ ನೋಡಿ. ಒಂದು ಸ್ಪೇರ್ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಬ್ಲಾಕಿಗೆ ತಾಗಿಸಿ ಸೆಲ್ಫ್ ಹೊಡೆಸಿ. ಪ್ಲಗ್‌ಗಳು ಕಾರ್ಬೊರೇಟರಿನ ಎದುರು ಮಗ್ಗುಲಿಗಿರುವುದು ಒಳ್ಳೆಯದೇ, ಆದರೂ ಏರ್ ಕ್ಲೀನರ್ ಬಿಚ್ಚುವ ಮೊದಲೇ ಈ ಪರೀಕ್ಷೆ ಮುಗಿಸಿ. ಪೆಟ್ರೋಲ್ ಆವಿಯ ಹತ್ತಿರ ಕಿಡಿ ಬೇಡ. ಕಾದಾಗ ಕೈಕೊಡುವ, ಕಿಡಿ ಹುಟ್ಟಿಸುವ ಕಾಯಿಲ್ ಮತ್ತು ಕಂಡೆನ್ಸರ್ ಕೂಡ ಅರ್ಧ ತಾಸಿಗೆ ಸರಿಹೋಗುತ್ತವೆ. ಆದರೆ ಅವು ಹೋದಾಗ ಎಂಜಿನ್ ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ನಿಲ್ಲುವುದೇ ಹೆಚ್ಚು. ಜಗ್ಗುವುದು ಪೆಟ್ರೋಲ್ ಸಾಲದ ಲಕ್ಷಣ.

ಸ್ಪಾರ್ಕ್ ಇದ್ದರೆ ಈಗ ಏರ್ ಕ್ಲೀನರ್ ತೆಗೆದು, ಇಗ್ನಿಶನ್ ಬಂದ್ ಇಟ್ಟು, ಕೈಯಿಂದ ಥ್ರಾಟಲ್ ಎಳೆಯುತ್ತ ಕಾರ್ಬೊರೇಟರಿನ ಗಂಟಲೊಳಗೆ ನೋಡಿ. ಪೆಟ್ರೋಲ್ ಚಿಮ್ಮದಿದ್ದರೆ ಫ್ಲೋಟ್ ಚೇಂಬರ್ ಖಾಲಿ, ಅಂದರೆ ಪೆಟ್ರೋಲ್ ಮುಂದೆ ಬರುತ್ತಿಲ್ಲ. ಚಿಮ್ಮಿದರೆ, ಮೇಲಾಗಿ ಪೆಟ್ರೋಲ್ ವಾಸನೆ ಜೋರಾಗಿದ್ದು ಪ್ಲಗ್ ಒದ್ದೆಯಾಗಿದ್ದರೆ, ಅದು ವೇಪರ್ ಲಾಕ್ ಅಲ್ಲ. ಚೇಂಬರಿನ ಪೆಟ್ರೋಲ್ ಕುದಿದು ಎಂಜಿನ್ ಓವರ್‌ಫ್ಲೋ ಆಗಿದೆ, ಅಂದರೆ ಒಳಗೆ ಪೆಟ್ರೋಲ್ ಹೆಚ್ಚಾಗಿದೆ. ಎಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಬೇಕು. (ಎಸ್‌ಯು ಎಂಬ ಬೇರೆ ಮಾದರಿಯ ಕಾರ್ಬೊರೇಟರ್ ಇರುವ ಹಳೆ ಗಾಡಿಗಳಲ್ಲಿ ಹೀಗೆ ಚಿಮ್ಮುವ ವ್ಯವಸ್ಥೆಯೇ ಇಲ್ಲ, ಅಲ್ಲಿ ಚೇಂಬರಿನ ಮುಚ್ಚಳ ತೆಗೆದೇ ನೋಡಬೇಕು.)

ಚೇಂಬರ್ ಖಾಲಿ ಎಂದು ಖಾತ್ರಿಯಾದರೆ ಟ್ಯಾಂಕಿನಿಂದ ಪಂಪಿನವರೆಗಿನ ಪೈಪನ್ನು ಮೊದಲು ಅನುಮಾನಿಸಿ. ಈ ಭಾಗ ಹೆಚ್ಚಿನವರ ಕಣ್ಣು ತಪ್ಪಿಸುತ್ತದೆ. ಇಲ್ಲಿ ಪೆಟ್ರೋಲ್ ಒತ್ತಡದಲ್ಲಿಲ್ಲ, ಎಳೆತದಲ್ಲಿದೆ. ಎಳೆತದಲ್ಲಿರುವ ಪೆಟ್ರೋಲ್ ಇನ್ನೂ ಕಡಿಮೆ ಕಾವಿಗೇ ಕುದಿಯುತ್ತದೆ. ಅರ್ಧ ಕಟ್ಟಿದ ಫಿಲ್ಟರ್ ಇದ್ದರೆ ಎಳೆತ ಮತ್ತಷ್ಟು ಹೆಚ್ಚುತ್ತದೆ. ಸೀಳಿದ ರಬ್ಬರ್ ಹೋಸ್ ಹೊರಗೆ ಒಂದು ಹನಿ ಸೋರದೆಯೂ ಗಾಳಿ ಎಳೆದುಕೊಳ್ಳುತ್ತದೆ. ಎಥನಾಲ್ ಹಳೆ ರಬ್ಬರನ್ನು ಮೆತ್ತಗೆ ಮಾಡುವುದರಿಂದ ಎಲ್ಲ ಹೋಸ್‌ಗಳನ್ನೂ ಎಥನಾಲ್ ತಾಳುವ ಆರ್9 ದರ್ಜೆಯವಕ್ಕೆ ಬದಲಿಸಿ, ಕ್ಲಿಪ್ ಹೊಸದು ಹಾಕಿ. ಪಾರದರ್ಶಕ ಫಿಲ್ಟರಿನೊಳಗೆ ಸ್ವಲ್ಪ ಗಾಳಿ ಜಾಗ ಇರುವುದು ಸಹಜ, ಅದನ್ನು ನೋಡಿ ಗಾಬರಿ ಬೇಡ. ಗುಳ್ಳೆಗಳು ಒಂದೇ ಸಮನೆ ಹರಿಯುತ್ತಿದ್ದರೆ ಮಾತ್ರ ದೋಷ.

ಇಷ್ಟಾದ ಮೇಲೆ ಪಂಪಿನ ಪರೀಕ್ಷೆ. ಒಳಬರುವ ಪೈಪ್ ಬಿಚ್ಚಿ, ಆ ತೂತಿಗೆ ಬೆರಳು ಒತ್ತಿ ಕೈ ಲಿವರ್ ಆಡಿಸಿ. ಬೆರಳನ್ನು ಎಳೆದು ಕೆಲವು ಸೆಕೆಂಡ್ ಹಿಡಿದರೆ ಪಂಪ್ ಚೆನ್ನಾಗಿದೆ. ಎಳೆತ ಹಿಡಿಯದೆ ಕೂಡಲೇ ಬಿಟ್ಟುಹೋದರೆ ಅಥವಾ ಡಿಪ್‌ಸ್ಟಿಕ್ಕಿನ ಆಯಿಲ್‌ಗೆ ಪೆಟ್ರೋಲ್ ವಾಸನೆ ಇದ್ದರೆ ಮಿಸ್ತ್ರಿ ಹೇಳಿದ್ದು ಸರಿ: ಡಯಾಫ್ರಾಮ್ ಕಿಟ್ ಅಥವಾ ಹೊಸ ಪಂಪ್ ಹಾಕಿಸಿ, ಆಯಿಲ್ ಕೂಡ ಬದಲಿಸಿ.

ಇಲ್ಲಿಂದ ಮುಂದೆ ಕಾವು ತಡೆಯುವ ಕೆಲಸ. ಪಂಪು ಮತ್ತು ಬ್ಲಾಕಿನ ನಡುವೆ, ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಬೇಕಲೈಟ್ ಪ್ಯಾಕಿಂಗ್ ಇದೆಯೇ ನೋಡಿ. ಎಷ್ಟೋ ಗಾಡಿಗಳಲ್ಲಿ ಒಡೆದದ್ದನ್ನು ಎಸೆದು ಬರೀ ಕಾಗದದ ಗ್ಯಾಸ್ಕೆಟ್ ಹಾಕಿರುತ್ತಾರೆ. ಸಿದ್ಧ ಭಾಗ ಸಿಗದಿದ್ದರೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಲೇತ್ ಅಂಗಡಿಯಲ್ಲಿ ಹಳೆಯದರ ಅಳತೆಗೇ ಕತ್ತರಿಸಿಕೊಡಲು ಕೇಳಿ. ಪಂಪಿನದನ್ನು ಮಾತ್ರ ದಪ್ಪ ಮಾಡಬೇಡಿ, ಲಿವರ್ ಕ್ಯಾಮಿಗೆ ಸರಿಯಾಗಿ ಮುಟ್ಟದೆ ಪೆಟ್ರೋಲ್ ಕಡಿಮೆ ಬರುತ್ತದೆ. ಎಕ್ಸಾಸ್ಟ್ ಮತ್ತು ಕಾರ್ಬೊರೇಟರ್ ನಡುವೆ 1 ಮಿಮೀ ಅಲ್ಯುಮಿನಿಯಂ ತಗಡನ್ನು ಎರಡೂ ಕಡೆ ಬೆರಳಷ್ಟು ಗಾಳಿ ಬಿಟ್ಟು ಕೂರಿಸಿ. ಪೈಪ್ ಎಕ್ಸಾಸ್ಟಿನಿಂದ ಕನಿಷ್ಠ 5 ಸೆಂಮೀ ದೂರ ಇರಲಿ. ಇಗ್ನಿಶನ್ ಟೈಮಿಂಗ್ ರಿಟಾರ್ಡ್ ಆಗಿದ್ದರೆ (ಕಿಡಿ ತಡವಾಗಿ ಬೀಳುತ್ತಿದ್ದರೆ) ಮ್ಯಾನಿಫೋಲ್ಡ್ ವಿಪರೀತ ಕಾಯುತ್ತದೆ, ಅದನ್ನೂ ನೋಡಿಸಿ. ರೇಡಿಯೇಟರಿಗೆ ವರ್ಷಗಟ್ಟಲೆ ನಮ್ಮ ಕಡೆಯ ಬೋರ್ ನೀರು ಹಾಕಿದ್ದರೆ ಒಳಗೆ ಸುಣ್ಣ ಕಟ್ಟಿರುತ್ತದೆ. ತೊಳೆಸಿ, ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಹಾಕಿ.

ಇದಕ್ಕೂ ಬಗ್ಗದಿದ್ದರೆ ನಾನು ರಿಟರ್ನ್ ಲೈನ್ ಹಾಕಿಸಲು ಹೇಳುತ್ತೇನೆ. ಕಾರ್ಬೊರೇಟರಿಗೆ ಹೋಗುವ ಮುನ್ನ ಒಂದು ಟಿ (ಮೂರು ಬಾಯಿಯ ಪೈಪ್ ಜೋಡಣೆ) ಕೂರಿಸಿ, ಅದರ ಒಂದು ಬಾಯಿಗೆ 1ರಿಂದ 1.5 ಮಿಮೀ ತೂತಿನ ಜೆಟ್ ಇಟ್ಟು ಪೈಪನ್ನು ಟ್ಯಾಂಕಿಗೆ ಮರಳಿಸಿದರೆ, ಆವಿ ಅಲ್ಲಿಂದ ಹೊರಬಿದ್ದು ತಣ್ಣನೆ ಪೆಟ್ರೋಲ್ ಸದಾ ಹರಿಯುತ್ತದೆ. ಎಲೆಕ್ಟ್ರಿಕ್ ಪಂಪ್ ಹಾಕಿಸುವುದಾದರೆ ಟ್ಯಾಂಕಿನ ಪಕ್ಕದಲ್ಲೇ ಇರಲಿ, ಒತ್ತಡ 2ರಿಂದ 3 ಪಿಎಸ್‌ಐ ಮೀರದಿರಲಿ. ಹೆಚ್ಚಾದರೆ ಫ್ಲೋಟ್ ಚೇಂಬರಿನ ಬಾಯಿ ಮುಚ್ಚುವ ನೀಡಲ್ ವಾಲ್ವ್ ತಡೆಯದೆ ಕಾರ್ಬೊರೇಟರ್ ಉಕ್ಕುತ್ತದೆ. ಫ್ಯೂಸ್, ರಿಲೇ ಜೊತೆಗೆ ಎಂಜಿನ್ ನಿಂತರೆ ಪಂಪೂ ನಿಲ್ಲುವಂತೆ ಆಯಿಲ್ ಪ್ರೆಶರ್ ಸ್ವಿಚ್ ಕಡ್ಡಾಯ. ಹಳೆ ಪಂಪ್ ತೆಗೆದು ಆ ಜಾಗಕ್ಕೆ ಪ್ಲೇಟ್ ಮುಚ್ಚಿಸಿ.

ಅಲ್ಲಿಯತನಕ ಅಣ್ಣಿಗೇರಿಯಲ್ಲಿ ನಿಲ್ಲಿಸುವಾಗ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಬಂದ್ ಮಾಡಿ, ಬಾನೆಟ್ ಎತ್ತಿಡಿ. ದಾರಿಯಲ್ಲಿ ನಿಂತರೆ ಒದ್ದೆ ಬಟ್ಟೆಯನ್ನು ಪಂಪಿಗೂ ಪೈಪಿಗೂ ಸುತ್ತಿ ಹತ್ತು ನಿಮಿಷ ಕಾಯಿರಿ. ನೀರನ್ನು ನೇರವಾಗಿ ಎಂಜಿನ್ ಮೇಲೆ ಮಾತ್ರ ಸುರಿಯಬೇಡಿ. ಕಾದ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಸೀಳುತ್ತದೆ.